ಎಣ್ಣೆಗೆ ಬಿದ್ದ ಆನೆ, ಕೋಡಗ ನುಂಗಿದ ಕೋಳಿ

‘ಚೆಲ್ಲಾಟಕ್ಕೆ ದೇವಿ ಕೂಡಿದರೆ ಆಳಂದ ತಾಲ್ಲೂಕಿನ ಊರು, ನಾಲ್ಕಕ್ಷರ.’ ಸರಸ, ಅಂಬಾ; ಲೋಪಸಂಧಿ ಮಾಡಿ, ಸರಸಂಬಾ. ಊರಿಗೆ ಹೆಸರು ಹೀಗೇ ಬಂತೆಂದು ಯಾರೂ ನಂಬಬೇಕಿಲ್ಲ, ಇದು ಪದಬಂಧಕ್ಕೆಂದು ಹೊಸೆದ ಸುಳಿವು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಇಂಥದು ಅಪರೂಪ. ಅಲ್ಲಿ ‘ಆನೆ’ ಎಂದು ಕೇಳುತ್ತಾರೆ, ನಾವು ‘ಕರಿ’ ಎಂದು ತುಂಬುತ್ತೇವೆ. ‘ಎಣ್ಣೆಯಲ್ಲಿ ಬೇಯಿಸು, ಆನೆ’ ಎಂದು ಕೇಳಿ ಓದುಗನನ್ನು ಒಂದು ಗಳಿಗೆ ದಿಕ್ಕು ತಪ್ಪಿಸುವವರು ಕಡಿಮೆ.

ಗೂಢ ಪದಬಂಧ ಇಂಗ್ಲಿಷರ ಸೊತ್ತು, ಕನ್ನಡಕ್ಕೆ ಒಗ್ಗದು ಎಂಬ ಮಾತಿದೆ. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ 1926ರಿಂದ ಟಾರ್ಕೆಮಾಡ, 1939ರಿಂದ ಕ್ಸಿಮೆನೀಸ್ ಎಂಬ ಗುಪ್ತನಾಮದವರು ಅದನ್ನು ಬೆಳೆಸಿದ್ದು ನಿಜ. ಎರಡನೆಯವನು 1966ರ ತನ್ನ ಪುಸ್ತಕದಲ್ಲಿ ಕಟ್ಟಳೆಯನ್ನೂ ಹಾಕಿದ: ಸುಳಿವಿನ ಒಂದು ತುದಿಯಲ್ಲಿ ನೇರ ಅರ್ಥ ಇರಬೇಕು, ಉಳಿದದ್ದು ಪದದಾಟ, ಮೋಸ ಮಾತ್ರ ಕೂಡದು. ಅಕ್ಷರ ಕಲಸುವ ಆಟ ಕನ್ನಡದಲ್ಲಿ ಸೊರಗುತ್ತದೆ, ಒಪ್ಪೋಣ. ಒಂದು ಚೌಕದಲ್ಲಿ ವ್ಯಂಜನ, ಸ್ವರ, ಒತ್ತು ಒಟ್ಟಿಗೇ ಕೂತಿರುವಾಗ ಕಲಸುವುದಕ್ಕೆ ಉಳಿಯುವುದು ಕಡಿಮೆ. ಆದರೆ ಶ್ಲೇಷೆಗೂ ಪದ ಒಡೆಯುವುದಕ್ಕೂ ನಮಗೇನು ಕೊರತೆ? ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿಂಗಡಿಸಿದ್ದಾನೆ. ಆ ಗ್ರಂಥವನ್ನು ಎದುರಿಗಿಟ್ಟುಕೊಂಡೇ 9ನೇ ಶತಮಾನದಲ್ಲಿ ‘ಕವಿರಾಜಮಾರ್ಗ’ ಬರೆದದ್ದು ಇದೇ ಕಲಬುರಗಿ ಸೀಮೆಯ ಮಳಖೇಡದ ಆಸ್ಥಾನದಲ್ಲಿ.

ಶಾಸ್ತ್ರದ ಮಾತು ಅಷ್ಟು ಸಾಕು. ಈ ಸೀಮೆಯಲ್ಲಿ ಗೂಢಮಾತಿನ ಜೀವಂತ ಶಾಲೆ ನಡೆದದ್ದು ಭಜನೆಯ ಮನೆಗಳಲ್ಲಿ, ಏಕತಾರಿ, ದಮ್ಮಡಿಗಳ ನಡುವೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪ ಅದರ ದೊಡ್ಡ ಗುರು. ಚೆನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದ ಶಿಷ್ಯರು ಜಾತಿ ಧರ್ಮದ ಲೆಕ್ಕ ಬಿಟ್ಟು ಆ ದಾರಿ ಹಿಡಿದವರು. ಇವರ ತತ್ವಪದಗಳಿಗೆ ಹಿಂದೆ ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ. ಪಕ್ಕದಲ್ಲಿ ಶಿಶುನಾಳದ ಶರೀಫ.

ಶರೀಫನ ಕೋಳಿ ಕೋಡಗವನ್ನು ನುಂಗುವ ಪದ ಎಲ್ಲರ ಕಿವಿಯಲ್ಲೂ ಇದೆ. ಕ್ಯಾಸೆಟ್ಟಿನ ಕಾಲದಿಂದ ನಾವದನ್ನು ತಮಾಷೆಯ ಹಾಡಾಗಿ ಕುಣಿಸಿಬಿಟ್ಟಿದ್ದೇವೆ. ಅದರ ಕಟ್ಟಡವನ್ನು ನೋಡಿ. ನುಡಿ ನುಡಿಗೂ ನುಂಗಬಾರದ್ದು ನುಂಗಬಾರದ್ದನ್ನು ನುಂಗುತ್ತ ಹೋಗುತ್ತದೆ. ಹೊಲದ್ದು, ಮನೆಯದು, ಕೆಲಸದ ಸಾಮಾನು, ಯಾವುದಕ್ಕೂ ವಿನಾಯಿತಿಯಿಲ್ಲ. ಕಡೆಯ ನುಡಿಯಲ್ಲಿ ಗುರುವಿನ ಪಾದ ಹಾಡುವವನನ್ನೇ ನುಂಗಿದಾಗ ಹಿಂದಿನದೆಲ್ಲ ಒಮ್ಮೆಲೇ ತಿರುಗಿ ನಿಲ್ಲುತ್ತದೆ: ಸಣ್ಣದೆಂದು ಕಂಡದ್ದು ದೊಡ್ಡದನ್ನು ಇಲ್ಲವಾಗಿಸಬಲ್ಲದು, ‘ನಾನು’ ಎಂಬುದನ್ನೂ. ಕೀಲಿ ಪದದ ತುದಿಯಲ್ಲೇ ಇದೆ; ಹೊರಗಿನ ಯಾವ ಗ್ರಂಥವೂ ಬೇಕಿಲ್ಲ. ಕ್ಸಿಮೆನೀಸ್ ಹಾಕಿದ ಕಟ್ಟಳೆ ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುವುದಿಲ್ಲ.

ಪರಂಪರೆಯ ಎಲ್ಲ ಪದಗಳಿಗೂ ಈ ಮರ್ಯಾದೆ ಸಲ್ಲದು. ಒಂಬತ್ತು ಬಾಗಿಲ ಮನೆ ಎಂದರೆ ದೇಹ, ಆರು ಮಂದಿ ಕಳ್ಳರು ಎಂದರೆ ಅರಿಷಡ್ವರ್ಗ, ಎಂಟು ಎಂದರೆ ಅಷ್ಟಮದ. ಮೊದಲು ಹೇಳಿದವನಿಗೆ ಇದು ಕಾಣ್ಕೆ, ನೂರನೆಯವನಿಗೆ ಮಗ್ಗಿ. ಸಾಮಾನ್ಯ ಭಜನೆಯ ಪದಗಳಲ್ಲಿ ಬಹುಪಾಲು ಈ ಮಗ್ಗಿಯ ಮೇಲೇ ನಿಂತಿವೆ. ಪಟ್ಟಿ ಬಾಯಿಪಾಠವಿದ್ದವನಿಗೆ ಬಿಡಿಸಲು ಏನೂ ಇಲ್ಲ, ಇಲ್ಲದವನಿಗೆ ಬಿಡಿಸಲು ದಾರಿಯೇ ಇಲ್ಲ. ಗುರುಮುಖದಿಂದಲೇ ತಿಳಿಯಬೇಕೆಂಬ ಸಮಜಾಯಿಷಿ ಸಾಧನೆಗೆ ಸರಿಯಿರಬಹುದು. ಕಾವ್ಯದ ಸೋಮಾರಿತನಕ್ಕೂ ಅದೇ ಮುಸುಕಾಗಿದೆ ಎಂಬುದು ನನ್ನ ತಕರಾರು.

ಹರದೇಶಿ–ನಾಗೇಶಿ ಮೇಳಗಳ ಸವಾಲ್-ಜವಾಬ್‌ದ್ದು ಬೇರೆ ರೋಗ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು, ಹಾಡಿನಲ್ಲೇ ಕೇಳಿ ಹಾಡಿನಲ್ಲೇ ಉತ್ತರಿಸುವ ಪೈಪೋಟಿ. ಬೆಳತನಕ ಕೂತ ಜನವೇ ಪಂಚರು. ಕಟ್ಟುವವನೂ ಬಿಡಿಸುವವನೂ ಎದುರುಬದುರು ನಿಲ್ಲುವ ಈ ಬಿಸಿ ಯಾವ ಪತ್ರಿಕೆಯ ಚೌಕಕ್ಕೂ ಸಿಗದು. ಆದರೆ ಸವಾಲು ಎಷ್ಟೋ ಸಲ ಪುರಾಣದ ಪರೀಕ್ಷೆಯಾಗಿಬಿಡುತ್ತದೆ: ಇಂಥವನ ತಾಯಿ ಯಾರು, ಇಂಥ ಅಸ್ತ್ರ ಕೊಟ್ಟವರು ಯಾರು. ಗೊತ್ತಿದ್ದರೆ ಗೆದ್ದೆ, ಇಲ್ಲದಿದ್ದರೆ ಸೋತೆ. ಯೋಚನೆಗೆ ಅಲ್ಲಿ ಕೆಲಸವಿಲ್ಲ. ಪತ್ರಿಕೆಯ ಪದಬಂಧ ಗೊತ್ತೋ ಗೊತ್ತಿಲ್ಲದೆಯೋ ಹಿಡಿದಿರುವುದು ಈ ದಾರಿಯನ್ನೇ.

ಬೆಡಗಿಗೂ ಪದಬಂಧಕ್ಕೂ ಒಂದು ವಿಷಯದಲ್ಲಿ ಎಂದಿಗೂ ಕೂಡಿಬರದು. ಚೌಕಕ್ಕೆ ಒಂದೇ ಉತ್ತರ ಬೇಕು. ಅಲ್ಲಮನ ಬೆಡಗು ಬಿಡಿಸಿದ ಮೇಲೂ ಮಿಗುತ್ತದೆ. ಶತಮಾನಗಳ ಟೀಕಾಕಾರರು ಪ್ರತಿ ಪ್ರತಿಮೆಗೂ ಒಂದೊಂದು ತತ್ತ್ವವನ್ನು ಜೋಡಿಸಿ ಆ ಮಿಕ್ಕಿದ್ದನ್ನು ಒರೆಸಲು ಹೆಣಗಿದರು. ಅವರು ಬರೆದಿಡದಿದ್ದರೆ ಎಷ್ಟೋ ವಚನಗಳು ನಮಗೆ ಮುಚ್ಚಿದ ಬಾಗಿಲಾಗಿಯೇ ಇರುತ್ತಿದ್ದವು, ನಿಜ. ಆ ಋಣ ದೊಡ್ಡದು. ಆದರೂ ಪದಬಂಧದ ಉತ್ತರವನ್ನು ಪತ್ರಿಕೆಯವರು ಮರುದಿನದವರೆಗಾದರೂ ತಡೆದಿಡುತ್ತಾರೆ. ಬೆಡಗಿನ ವಚನದ ಅಡಿಯಲ್ಲಿ ಟೀಕೆ ಅದೇ ಪುಟದಲ್ಲಿ, ಓದುಗ ಉಸಿರು ತೆಗೆದುಕೊಳ್ಳುವ ಮೊದಲೇ ಬಂದು ಕೂತಿರುತ್ತದೆ.