ಮಳೆ ಬಂದಾಗ ನೊರೆ ಯಾಕೆ?

"ಮಳೆ ಬಂದ್ರೆ ಕೆರೆ ನೀರು ತಿಳಿ ಆಗ್ಬೇಕಲ್ವಾ? ಇಲ್ಲಿ ಮಾತ್ರ ಮಳೆ ಆದ್ಮೇಲೇ ನೊರೆ ಜಾಸ್ತಿ ಏಳುತ್ತಲ್ಲ, ಯಾಕೆ?"

ಬೆಂಗಳೂರಿನ ವರ್ತೂರು ಕೋಡಿಯ ಟೀ ಅಂಗಡಿಗಳ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ. 2015ರ ಹೊತ್ತಿಗೆ ಇಲ್ಲಿನ ನೊರೆ ಜಗತ್ತಿಗೇ ಸುದ್ದಿಯಾಗಿತ್ತು. ಕೋಡಿಯ ಬಳಿ ಆಳೆತ್ತರ ಎದ್ದು, ಗಾಳಿಗೆ ಹರಿದು, ರಸ್ತೆಗೆ ಹಾರಿ, ಬೈಕಿನಲ್ಲಿ ಹೋಗುವವರ ಮೈಗೆ ಅಂಟುತ್ತಿದ್ದ ಬಿಳಿ ಮುದ್ದೆಗಳನ್ನು ಎಲ್ಲೆಲ್ಲಿಯವರೋ ಟಿವಿಯಲ್ಲಿ ನೋಡಿದರು. ಚಿತ್ರ ಊರೂರು ಸುತ್ತಿತು. ಪ್ರಶ್ನೆ ಊರಿನಲ್ಲೇ ಉಳಿಯಿತು. ಆ ಇಡೀ ಸುದ್ದಿಯಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡದ್ದು ಈ ಪ್ರಶ್ನೆ.

ಒಂದೇ ಉಸಿರಿನಲ್ಲಿ ಆಡಿಬಿಡುವ ಈ ಮಾತಿನೊಳಗೆ ಎಷ್ಟು ಕೆಲಸ ನಡೆದಿದೆ ನೋಡಿ. ಕೆರೆಯ ಪಕ್ಕದಲ್ಲಿ ವರ್ಷಗಟ್ಟಲೆ ಬದುಕಿದವರಿಗಷ್ಟೇ ಕಾಣುವ ಒಂದು ಗಮನಿಕೆ ಇದೆ: ನೊರೆಗೂ ಮಳೆಗೂ ನಂಟಿದೆ. ಹೊಸ ನೀರು ಸೇರಿದರೆ ಕೊಳೆ ತೆಳುವಾಗಬೇಕು ಎಂಬ ತರ್ಕ ಇದೆ. ಕಂಡದ್ದಕ್ಕೂ ತರ್ಕಕ್ಕೂ ತಾಳೆಯಾಗುತ್ತಿಲ್ಲ ಎಂಬ ತಳಮಳವೂ ಇದೆ. ಸಂಶೋಧನೆಯ ಮೊದಲ ಪುಟ ಸಿದ್ಧವಾಗಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಮೊದಲು ನೊರೆಯ ಹುಟ್ಟನ್ನು ನೋಡೋಣ. ಬಟ್ಟೆಪುಡಿಯ ಅಣುವಿಗೆ ಎರಡು ತುದಿ. ಒಂದು ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಹಾಗಾಗಿ ಈ ಅಣುಗಳು ನೀರಿನ ಮೇಲ್ಮೈಗೆ ಬಂದು ಸಾಲುಗಟ್ಟುತ್ತವೆ. ನೀರಿನ ಮೇಲ್ಮೈ ಎಳೆತ ಕುಗ್ಗುತ್ತದೆ. ಒಳಗೆ ಸಿಕ್ಕ ಗಾಳಿಯ ಸುತ್ತ ತೆಳು ಪೊರೆಯೊಂದು ಒಡೆಯದೆ ನಿಲ್ಲುತ್ತದೆ. ಅಜ್ಜಿಯರು ತಲೆಗೆ ಹಚ್ಚುತ್ತಿದ್ದ ಸೀಗೇಕಾಯಿ, ಅಂಟುವಾಳ ನೊರೆಯೇಳುವುದೂ ಇದೇ ಗುಣದಿಂದ. ನೀರು, ಗಾಳಿ ಎರಡಕ್ಕೂ ಬಣ್ಣವಿಲ್ಲ. ಆದರೂ ನೊರೆ ಹಾಲಿನಷ್ಟು ಬಿಳಿ, ಏಕೆಂದರೆ ಅಸಂಖ್ಯ ಪೊರೆಗಳು ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತವೆ. ಗುಳ್ಳೆಯೊಂದನ್ನೇ ಹತ್ತಿರದಿಂದ ನೋಡಿದರೆ ಪೊರೆಯ ಮೇಲೆ ಕಾಮನಬಿಲ್ಲು ಜಾರುತ್ತಿರುತ್ತದೆ.

ಈಗ ಮಳೆಯ ಮಾತು. ಇದರ ಬೆನ್ನು ಹತ್ತಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ಎಚ್.ಎನ್. ಚಾಣಕ್ಯ ಮತ್ತು ಅವರ ಸಂಗಡಿಗರು. ವರ್ತೂರಿಗೆ ನೀರು ಕಳಿಸುವ ಬೆಳ್ಳಂದೂರು ಕೆರೆಯ ನೀರನ್ನೂ ಕೆಸರನ್ನೂ ಅವರು ವರ್ಷಗಳ ಕಾಲ ಪರೀಕ್ಷಿಸಿದರು. ಅವರು ಕಂಡುಕೊಂಡದ್ದು ಹೀಗೆ: ಊರಿನ ಕೊಳಚೆ ಕೆರೆಯನ್ನು ದಾಟಲು ಹಲವು ದಿನ ಬೇಕು. ಅಷ್ಟರಲ್ಲಿ ಆಮ್ಲಜನಕವಿಲ್ಲದ ನೀರಿನಲ್ಲಿ ಕೊಳೆಯ ಒಂದು ಪಾಲು ಕೊಳೆತು ಹೋಗುತ್ತದೆ, ಉಳಿದದ್ದು ಕೆಸರಾಗಿ ತಳ ಸೇರುತ್ತದೆ. ಬಟ್ಟೆಪುಡಿಯ ಅಂಶ ಮಾತ್ರ ಕೊಳೆಯದೆ ಆ ಕೆಸರಿಗೆ ಅಂಟಿಕೊಳ್ಳುತ್ತದೆ. ಹುಂಡಿಗೆ ಕಾಸು ಬಿದ್ದ ಹಾಗೆ ದಿನದಿನವೂ ಕೂಡುತ್ತಾ ಹೋಗಿ, ಬಂದಾಗಿನ ಸಾಂದ್ರತೆಯ 200 ಪಟ್ಟಿನವರೆಗೂ ಮುಟ್ಟುವುದುಂಟು. ಜೋರು ಮಳೆ ಬಂದಾಗ ನೀರು ನುಗ್ಗಿ ತಳವನ್ನು ಕದಡುತ್ತದೆ. ಅಂಟಿದ್ದ ಸಾಬೂನು ಬಿಡಿಸಿಕೊಳ್ಳುತ್ತದೆ. ಕೆರೆ ತುಂಬಿ ಕೋಡಿಯಿಂದ ಧುಮುಕುವಾಗ ಗಾಳಿ ಸಿಕ್ಕಿಕೊಂಡು ನೊರೆ ಏಳುತ್ತದೆ. ಕೊಳಚೆಯ ಬ್ಯಾಕ್ಟೀರಿಯಾಗಳೂ ನೊರೆಗೆ ಕೈಜೋಡಿಸುತ್ತವೆ.

ಇದನ್ನು ಓದಿದಾಗ ನನಗಾದ ಸಂತೋಷವನ್ನು ಇನ್ನೂ ಚಪ್ಪರಿಸುತ್ತೇನೆ. ಟೀ ಅಂಗಡಿಯವರು ಕಂಡದ್ದು ಸರಿಯಾಗಿತ್ತು. ಅವರ ತರ್ಕವೂ ತಪ್ಪಲ್ಲ: ಮಳೆನೀರು ಕೊಳೆಯನ್ನು ತೆಳುಮಾಡುವುದು ನಿಜ. ಎರಡೂ ಸರಿಯಾಗಿದ್ದು ತಾಳೆಯಾಗದಿದ್ದುದಕ್ಕೆ ಕಾರಣ, ಕತೆಯ ಮೂರನೆಯ ಪಾತ್ರವಾದ ಕೆಸರು ಯಾರ ಕಣ್ಣಿಗೂ ಬೀಳದೆ ತಳದಲ್ಲಿ ಮಲಗಿತ್ತು. ಇವತ್ತಿನ ನೊರೆ ಇವತ್ತಿನ ಸಾಬೂನಿನದಷ್ಟೇ ಅಲ್ಲ. ಎಂದೋ ಒಗೆದ ಬಟ್ಟೆಗಳ ಲೆಕ್ಕವೂ ಅದರಲ್ಲಿದೆ. ಒಳ್ಳೆಯ ವಿವರಣೆ ಕೇಳಿದವನ ಅನುಭವವನ್ನು ಸುಳ್ಳು ಮಾಡುವುದಿಲ್ಲ. ಅವನು ಕಾಣದ ಕೊಂಡಿಯನ್ನು ತಂದು ಜೋಡಿಸುತ್ತದೆ. ವಿಜ್ಞಾನದ ಸುದ್ದಿಯ ರಸ ಇರುವುದು ಆ ಜೋಡಣೆಯ ಕ್ಷಣದಲ್ಲಿ.

ಹಾಗೆ ಜೋಡಿಸುತ್ತಾ ಹೋದರೆ ವರ್ತೂರಿನ ಗುಳ್ಳೆ ಬಹುದೂರ ಕರೆದೊಯ್ಯುತ್ತದೆ. ಬೆಲ್ಜಿಯಂನ ಜೋಸೆಫ್ ಪ್ಲೇಟೋ ಕಣ್ಣು ಕಳೆದುಕೊಂಡ ಮೇಲೂ ಇತರರ ಕಣ್ಣುಗಳ ಸಹಾಯದಿಂದ ಸಾಬೂನಿನ ಪೊರೆಗಳನ್ನು ಅಭ್ಯಾಸ ಮಾಡಿ 1873ರಲ್ಲಿ ಗ್ರಂಥ ಪ್ರಕಟಿಸಿದ. ನೊರೆಯಲ್ಲಿ ಪೊರೆಗಳು ಮೂರು ಮೂರಾಗಿ, 120 ಡಿಗ್ರಿ ಕೋನದಲ್ಲೇ ಕೂಡುತ್ತವೆ ಎಂಬ ನಿಯಮ ಅವನದು. ಸಮಗಾತ್ರದ ಗುಳ್ಳೆಗಳಿಂದ ಜಾಗ ತುಂಬಬೇಕು, ಪೊರೆ ಮಾತ್ರ ಆದಷ್ಟು ಕಡಿಮೆ ಖರ್ಚಾಗಬೇಕು, ಹೇಗೆ ಎಂದು 1887ರಲ್ಲಿ ಲಾರ್ಡ್ ಕೆಲ್ವಿನ್ ಕೇಳಿದ. ಅವನ ಉತ್ತರಕ್ಕಿಂತ ಉತ್ತಮವಾದದ್ದು ಸಿಕ್ಕಿದ್ದು 1993ರಲ್ಲಿ, ಡಬ್ಲಿನ್‌ನ ವೀಯರ್ ಮತ್ತು ಫೆಲನ್ ಅವರಿಗೆ. ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದ ಗೋಡೆಗಳು ಆ ವಿನ್ಯಾಸದಿಂದ ಬಂದವು. ಕೋಡಿಯಲ್ಲಿ ಏಳುವ ಹೊಲಸು ನೊರೆಯೂ ಪ್ಲೇಟೋ ಕಂಡ ಜ್ಯಾಮಿತಿಗೆ ತಲೆಬಾಗುತ್ತದೆ. ಕೆರೆಯ ಸಂಕಟ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆ ಸಂಕಟವನ್ನು ನೋಡುವ ಕಣ್ಣಿಗೆ ಆಳ ಬರುತ್ತದೆ.

ಇಂಥ ಮಾತನ್ನು ಕನ್ನಡದಲ್ಲಿ ಕೂತು ಆಡುವ ರೂಢಿಗೆ ನೂರು ವರ್ಷ ದಾಟಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದ್ದೂ ಅವರೇ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ನಾಗೇಶ ಹೆಗಡೆಯವರು ಪ್ರಜಾವಾಣಿಯ ಅಂಕಣದಲ್ಲಿ ದೂರದ ಪ್ರಯೋಗಾಲಯದ ಸುದ್ದಿಯನ್ನು ನಮ್ಮ ಹಿತ್ತಿಲಿನ ಸಂಗತಿಯೊಂದಿಗೆ ಹೊಲಿದು ತೋರಿಸಿದರು. ಇವರೆಲ್ಲರ ಬರಹದಲ್ಲಿ ನಾನು ಸವಿಯುವುದು ಒಂದೇ ಗುಣವನ್ನು: ಓದುಗ ಬುದ್ಧಿವಂತನೆಂಬ ನಂಬಿಕೆ. ಕಾರಣವನ್ನು ಪೂರ್ತಿ ಹೇಳುತ್ತಾರೆ, ನಡುವೆ ಮೆಟ್ಟಿಲು ಹಾರಿಸುವುದಿಲ್ಲ.

ಆ ನಂಬಿಕೆ ಹುಸಿಯಲ್ಲ ಎನ್ನುವುದಕ್ಕೆ ಕೋಲಾರವೇ ಸಾಕ್ಷಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ, ವರ್ತೂರಿಗೆ ಹರಿದು ಬರುವ ಇದೇ ಕಣಿವೆಯ ಕೊಳಚೆನೀರು ಸಂಸ್ಕರಣೆಯಾಗಿ ಕೋಲಾರದ ಲಕ್ಷ್ಮೀಸಾಗರ ಕೆರೆ ಮುಟ್ಟಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮರುತಿಂಗಳೇ ಅಲ್ಲೂ ನೊರೆ ಕಂಡಿತು. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೇ ಹಂತ ಬೇಕೇ ಎಂಬ ವಾದ ರೈತರ ಸಭೆಗಳಿಂದ ಹಿಡಿದು ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ನಡೆಯಿತು. ಬತ್ತಿದ ಕೊಳವೆಬಾವಿಗಳ ಸೀಮೆಯಲ್ಲಿ ಸಾರಜನಕ, ರಂಜಕಗಳ ಮಾತು ಹೊಲದ ಬದುವಿಗೆ ಬಂತು. ಅಲ್ಲಿ ವಿಜ್ಞಾನದ ಸುದ್ದಿ ಕುತೂಹಲದ ಸರಕಾಗಿ ಉಳಿಯಲಿಲ್ಲ. ಬೆಳೆ, ಕುಡಿಯುವ ನೀರು, ಮಕ್ಕಳ ಆರೋಗ್ಯದ ಮಾತಾಯಿತು.

ವರ್ತೂರು ಕೆರೆಯನ್ನು ಬರಿದು ಮಾಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹೂಳೆತ್ತಿಸಿದಾಗ, ಲಾರಿಗಳು ಸಾಗಿಸುತ್ತಿದ್ದ ಆ ಕಪ್ಪು ಮಣ್ಣನ್ನು ಕಂಡು ಮೂಗು ಮುಚ್ಚಿಕೊಂಡವರೇ ಹೆಚ್ಚು. ಮಳೆ ಮತ್ತು ನೊರೆಯ ಕಾರಣ ತಿಳಿದವರಿಗೆ ಆ ಲಾರಿಗಳಲ್ಲಿ ಹೋಗುತ್ತಿರುವುದೇನೆಂದೂ ಗೊತ್ತಿತ್ತು: ಹಳೆಯ ಸಾಬೂನಿನ ಉಳಿತಾಯ. ಕೇಳಬೇಕಾದ ಮುಂದಿನ ಪ್ರಶ್ನೆಯೂ ಗೊತ್ತಿತ್ತು: ಕೂಡಿಟ್ಟದ್ದನ್ನು ತೆಗೆದಿರಿ ಸರಿ, ಮೇಲಿನಿಂದ ಸಂಸ್ಕರಿಸದ ಕೊಳಚೆ ಬರುವುದು ನಿಂತಿದೆಯೇ? ಕಾರಣದ ರುಚಿ ಹತ್ತಿದ ಊರು ಇಷ್ಟು ನೇರವಾಗಿ ಕೇಳಬಲ್ಲದು. ಉತ್ತರ ಕೊಡಬೇಕಾದವರು ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ.