ಕ್ಸೆನಾಕಿಸರ ಲಯವಾದ್ಯ ಕೃತಿಗಳು: ಛಂದಸ್ಸು ಮತ್ತು ಕಚೇರಿ

ಪಾಶ್ಚಾತ್ಯ ಸಂಗೀತದಲ್ಲಿ ಲಯವಾದ್ಯಗಳಿಗೆ ಸ್ವತಂತ್ರ ಸ್ಥಾನ ದೊರೆತುದು ಇತ್ತೀಚೆಗೆ. ಅಲ್ಲಿಯ ವಾದ್ಯಮೇಳವು ಚರ್ಮವಾದ್ಯಗಳನ್ನೂ ತಾಳ ಜಾಗಟೆಗಳನ್ನೂ ಬಹುಕಾಲ ಹಿಂದಿನ ಸಾಲಿನಲ್ಲಿ ಕುಳ್ಳಿರಿಸಿ, ಆರ್ಭಟ ಬೇಕಾದಾಗ ಮಾತ್ರ ಕರೆಯುತ್ತಿತ್ತು. ೧೯೩೩ರಲ್ಲಿ ಎಡ್ಗಾರ್ ವರೇಸರ ‘ಅಯೊನೈಸೇಷನ್’ ಎಂಬ ಕೃತಿಯನ್ನು ನ್ಯೂಯಾರ್ಕಿನಲ್ಲಿ ಹದಿಮೂರು ಮಂದಿ ವಾದ್ಯಗಾರರು ನುಡಿಸಿದಂದಿನಿಂದ ಈ ಸ್ಥಿತಿ ಬದಲಾಗತೊಡಗಿತು. ಆಮೇಲಿನ ಅರ್ಧ ಶತಮಾನದಲ್ಲಿ ಈ ಹಾದಿಯಲ್ಲಿ ಅತ್ಯಂತ ದೂರ ನಡೆದವರಲ್ಲಿ ಯಾನಿಸ್ ಕ್ಸೆನಾಕಿಸ್ ಒಬ್ಬರು.

ಇಂಥ ಸಂಗೀತದ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ‘ಇದೆಲ್ಲ ನಮ್ಮ ತನಿ ಆವರ್ತನದಲ್ಲಿ ಎಂದೋ ಆಗಿಹೋಗಿದೆ’ ಎಂಬುದು ಒಂದು. ‘ಇದು ಬರಿಯ ಗದ್ದಲ’ ಎಂಬುದು ಇನ್ನೊಂದು. ಮೊದಲನೆಯದು ಅಭಿಮಾನದ ಮಾತು, ಎರಡನೆಯದು ಅಸಹನೆಯ ಮಾತು. ಎರಡರಿಂದಲೂ ಕೃತಿಯನ್ನು ಕೇಳುವ ಶ್ರಮ ಉಳಿಯುತ್ತದೆ. ಪ್ರಕೃತ ಲೇಖನದಲ್ಲಿ ಕ್ಸೆನಾಕಿಸರ ‘ಪ್ಸಾಫಾ’ ಎಂಬ ಕೃತಿಯನ್ನು ಮುಖ್ಯವಾಗಿಟ್ಟುಕೊಂಡು, ಇಂಥ ಕೃತಿ ಕಚೇರಿಯಲ್ಲಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ವಿಚಾರಿಸಲಾಗಿದೆ.

ಕ್ಸೆನಾಕಿಸ್ ೧೯೨೨ರಲ್ಲಿ ರುಮೇನಿಯಾದ ಬ್ರಯಿಲಾ ನಗರದ ಗ್ರೀಕ್ ಮನೆತನದಲ್ಲಿ ಹುಟ್ಟಿದರು. ಅಥೆನ್ಸಿನಲ್ಲಿ ಎಂಜಿನಿಯರಿಂಗ್ ಓದಿದರು. ಯುದ್ಧಕಾಲದಲ್ಲಿ ಪ್ರತಿಭಟನಾ ಚಳುವಳಿಗೆ ಸೇರಿ, ೧೯೪೫ರ ಆರಂಭದಲ್ಲಿ ಮುಖಕ್ಕೆ ತೀವ್ರ ಗಾಯವಾಗಿ ಎಡಗಣ್ಣನ್ನು ಕಳೆದುಕೊಂಡರು. ೧೯೪೭ರಲ್ಲಿ ದೇಶ ಬಿಟ್ಟು ಪ್ಯಾರಿಸಿಗೆ ಓಡಿಹೋದರು. ಸ್ವದೇಶದಲ್ಲಿ ಅವರ ಪರೋಕ್ಷದಲ್ಲಿಯೇ ಮರಣದಂಡನೆ ವಿಧಿಸಲಾಯಿತು. ಪ್ಯಾರಿಸಿನಲ್ಲಿ ಹನ್ನೆರಡು ವರ್ಷ ಲ ಕಾರ್ಬೂಸಿಯೆ ಅವರ ಕಚೇರಿಯಲ್ಲಿ ದುಡಿದರು. ನಮ್ಮ ಚಂಡೀಗಡದ ನಕ್ಷೆಗಳು ಸಿದ್ಧವಾದುದೂ ಅದೇ ಕಚೇರಿಯಲ್ಲಿ. ೧೯೭೪ರಲ್ಲಿ ಗ್ರೀಸಿನ ಸೈನಿಕ ಸರ್ಕಾರ ಬಿದ್ದ ಮೇಲೆಯೇ ಅವರಿಗೆ ತಾಯ್ನಾಡನ್ನು ಮತ್ತೆ ಕಾಣುವುದು ಸಾಧ್ಯವಾಯಿತು. ‘ಪ್ಸಾಫಾ’ ರಚಿತವಾದುದು ಮರುವರ್ಷ, ೧೯೭೫ರಲ್ಲಿ. ೨೦೦೧ರಲ್ಲಿ ಅವರು ಪ್ಯಾರಿಸಿನಲ್ಲಿಯೇ ತೀರಿಕೊಂಡರು.

‘ಪ್ಸಾಫಾ’ ಎಂಬುದು ಗ್ರೀಕ್ ಕವಯಿತ್ರಿ ಸ್ಯಾಫೋಳ ಹೆಸರಿನ ಪ್ರಾಚೀನ ರೂಪ. ಕೃತಿಯಲ್ಲಿ ಅವಳ ಪದ್ಯವಿಲ್ಲ. ಮಾತಾಗಲಿ ರಾಗವಾಗಲಿ ಇಲ್ಲ. ಒಬ್ಬನೇ ವಾದ್ಯಗಾರ ಸುಮಾರು ಹದಿಮೂರು ನಿಮಿಷ ನುಡಿಸತಕ್ಕ ರಚನೆ ಇದು. ಇದರ ಲಿಖಿತ ಪ್ರತಿ ಪಾಶ್ಚಾತ್ಯರ ರೂಢಿಯ ಸ್ವರಲಿಪಿಯಲ್ಲಿಲ್ಲ. ಚೌಕಳಿ ಹಾಕಿದ ಕಾಗದದ ಮೇಲೆ ಅಡ್ಡಗೆರೆಗಳು. ಗೆರೆಯ ಮೇಲೆ ಚುಕ್ಕಿಗಳು. ಒಂದೊಂದು ಮನೆ ಒಂದೊಂದು ಮಾತ್ರೆಯ ಕಾಲ, ಚುಕ್ಕಿಯಿದ್ದಲ್ಲಿ ಹೊಡೆತ. ಹೀಗೆ ಸುಮಾರು ೨,೪೦೦ ಮಾತ್ರೆಗಳ ಕೃತಿ. ವಾದ್ಯಗಳು ಆರು ಗುಂಪುಗಳಾಗಿವೆ. ಮೊದಲ ಮೂರು ಗುಂಪುಗಳು ಮರ ಅಥವಾ ಚರ್ಮದವು, ಉಳಿದ ಮೂರು ಮುಖ್ಯವಾಗಿ ಲೋಹದವು. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅವನದ್ಧ ಮತ್ತು ಘನ ವಾದ್ಯಗಳು. ಆದರೆ ಯಾವ ಮದ್ದಳೆ, ಯಾವ ಮರ, ಯಾವ ಲೋಹ ಎಂಬುದನ್ನು ರಚನಕಾರರು ಹೇಳಿಲ್ಲ. ಅದು ವಾದ್ಯಗಾರನ ಆಯ್ಕೆ. ಆದ್ದರಿಂದ ಒಂದು ಕಚೇರಿಯಲ್ಲಿ ಕೇಳಿದ ‘ಪ್ಸಾಫಾ’ ಇನ್ನೊಂದರಲ್ಲಿ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. ಕಾಲದ ಗಣಿತ ಮಾತ್ರ ಅದೇ.

ಹಾಗಾದರೆ ಸ್ಯಾಫೋಳ ಹೆಸರೇಕೆ? ಪ್ರಾಚೀನ ಗ್ರೀಕ್ ಪದ್ಯವು ನಮ್ಮ ವೃತ್ತಗಳಂತೆ ಗುರುಲಘುಗಳ ಮೇಲೆ ನಿಂತದ್ದು. ಸ್ಯಾಫೋಳ ಹೆಸರಿನಿಂದಲೇ ಪ್ರಸಿದ್ಧವಾದ ಪದ್ಯಬಂಧದಲ್ಲಿ ಹನ್ನೊಂದು ಅಕ್ಷರಗಳ ಮೂರು ಸಾಲುಗಳು, ಕೊನೆಗೆ ಐದು ಅಕ್ಷರಗಳ ಒಂದು ಕಿರುಸಾಲು. ನಾಗವರ್ಮನ ‘ಛಂದೋಂಬುಧಿ’ಯನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಸೆನಾಕಿಸ್ ಈ ಬಂಧವನ್ನು ಹಾಗೆಯೇ ತೆಗೆದು ಮದ್ದಳೆಗೆ ಹೊಂದಿಸಿದ್ದಾರೆಂದು ತಿಳಿಯಬಾರದು. ಅವರು ತೆಗೆದುಕೊಂಡಿರುವುದು ಅದರ ಹಿಂದಿನ ತತ್ತ್ವ: ದೀರ್ಘ ಹ್ರಸ್ವಗಳ ಸಣ್ಣ ಘಟಕಗಳನ್ನು ಜೋಡಿಸಿ, ಬದಲಿಸಿ, ಕಾಲಕ್ಕೆ ಆಕಾರ ಕೊಡಬಹುದೆಂಬ ತತ್ತ್ವ.

ಕೃತಿಯ ಆರಂಭವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಲ್ಲಿ ಕ್ಸೆನಾಕಿಸ್ ತಮ್ಮ ‘ಜರಡಿ’ ಪದ್ಧತಿಯನ್ನು ಬಳಸಿದ್ದಾರೆ. ಎಂಟೆಂಟಾಗಿ ಎಣಿಸಿ ಕೆಲವು ಸ್ಥಾನಗಳನ್ನು ಗುರುತಿಸುವುದು. ಐದೈದಾಗಿ ಎಣಿಸಿ ಬೇರೆ ಕೆಲವನ್ನು ಗುರುತಿಸುವುದು. ಎರಡನ್ನೂ ಒಂದರ ಮೇಲೊಂದಿಟ್ಟು ಜರಡಿ ಹಿಡಿದಂತೆ ಸೋಸಿ, ಉಳಿದ ಸ್ಥಾನಗಳಲ್ಲಿ ಮಾತ್ರ ನುಡಿಸುವುದು. ಇಂಥ ಜರಡಿ ನಲವತ್ತು ಮಾತ್ರೆಗಳಿಗೊಮ್ಮೆ ಆವೃತ್ತವಾಗುತ್ತದೆ. ಮೃದಂಗದ ಪರಿಚಯವುಳ್ಳವರಿಗೆ ಈ ಲೆಕ್ಕ ಅಪರಿಚಿತವಲ್ಲ. ಆದಿತಾಳದ ಎಂಟು ಅಕ್ಷರಗಳಿಗೆ ಎದುರಾಗಿ ಐದರ ಖಂಡಜಾತಿಯನ್ನು ಓಡಿಸಿ, ಎರಡೂ ಒಂದೆಡೆ ಕೂಡುವಂತೆ ಮಾಡುವುದು ನಮ್ಮ ವಾದ್ಯಗಾರರಿಗೆ ನಿತ್ಯದ ಕೆಲಸ.

ಆದರೆ ಹೋಲಿಕೆ ಇಲ್ಲಿಗೇ ಮುಗಿಯಿತು. ತನಿ ಆವರ್ತನದಲ್ಲಿ ಲೆಕ್ಕ ಎಷ್ಟು ಜಟಿಲವಾದರೂ ಅದು ಹೋಗಿ ಸೇರಬೇಕಾದ ಒಂದು ಎಡೆಯಿದೆ. ಕೋರ್ವೆ ಮುಗಿದು ಎಡುಪ್ಪಿಗೆ ಬಂದು ಕೂಡುವ ಕ್ಷಣದಲ್ಲಿ ತಾಳ ಹಾಕುತ್ತಿರುವ ಸಭಿಕನ ಕೈಯೂ ವಾದ್ಯಗಾರನ ಕೈಯೂ ಒಂದಾಗುತ್ತವೆ. ಆ ಆನಂದಕ್ಕಾಗಿಯೇ ಅಷ್ಟು ಹೊತ್ತು ದೂರ ಹೋಗಿರುತ್ತಾನೆ ವಾದ್ಯಗಾರ. ‘ಪ್ಸಾಫಾ’ದಲ್ಲಿ ಮಾತ್ರೆಯಿದೆ, ಆವರ್ತನದ ತಾಳವಿಲ್ಲ. ಒಂದು ವಿನ್ಯಾಸ ಕಿವಿಗೆ ಪರಿಚಯವಾಗುವಷ್ಟರಲ್ಲಿ ರಚನಕಾರರು ಅದನ್ನು ಕದಲಿಸಿಬಿಡುತ್ತಾರೆ. ನಮ್ಮ ಕೈ ಎತ್ತಿದಲ್ಲಿಯೇ ನಿಲ್ಲುತ್ತದೆ. ಆದಕಾರಣ ‘ಇದೆಲ್ಲ ನಮ್ಮಲ್ಲಿದೆ’ ಎಂಬ ಮಾತು ನಿಲ್ಲಲಾರದು. ಇಬ್ಬರ ಗಣಿತ ಸಮೀಪದ್ದು, ಅದರಿಂದ ಬಯಸುವ ಫಲ ಬೇರೆ.

ವಾದ್ಯಗಾರನ ಹೊಣೆಯನ್ನು ಅರಿಯಲು ನನಗೆ ಹೆಚ್ಚು ಉಪಯುಕ್ತವಾಗಿ ತೋರುವುದು ಗಮಕದ ಉದಾಹರಣೆ. ಕುಮಾರವ್ಯಾಸನ ಭಾಮಿನಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳ ನಡೆ ಕವಿಯಿಂದ ನಿಶ್ಚಿತವಾದದ್ದು. ರಾಗವನ್ನು ಕವಿ ಹೇಳಿಲ್ಲ. ಅದು ಗಮಕಿಯ ಆಯ್ಕೆ. ಈ ಸ್ವಾತಂತ್ರ್ಯವನ್ನು ಎರಡು ರೀತಿಯಲ್ಲಿ ಕೆಡಿಸಬಹುದು. ರಾಗದ ವ್ಯಾಮೋಹಕ್ಕೆ ಬಿದ್ದ ಗಮಕಿಯಲ್ಲಿ ಪದ್ಯ ಕರಗಿಹೋಗುತ್ತದೆ. ಪ್ರಸ್ತಾರ ಹಾಕಿದಂತೆ ಗಣಗಳನ್ನು ಎಣಿಸಿ ಓದುವವನಲ್ಲಿ ಲೆಕ್ಕ ಉಳಿದು ಕಾವ್ಯ ಹೋಗುತ್ತದೆ. ನುರಿತ ಗಮಕಿಯ ರಾಗವು ಪದ್ಯದ ನಡೆಯನ್ನು ಎತ್ತಿ ತೋರಿಸುತ್ತದೆ. ‘ಪ್ಸಾಫಾ’ವನ್ನು ನುಡಿಸುವವನು ಇದೇ ಸ್ಥಿತಿಯಲ್ಲಿದ್ದಾನೆ. ಮಾತ್ರೆಗಳು ಕ್ಸೆನಾಕಿಸರವು, ನಾದಗುಣ ಅವನದು.

ಈ ಕೃತಿಯನ್ನು ೧೯೭೬ರಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದವರು ಸಿಲ್ವಿಯೋ ಗುವಾಲ್ಡ. ಆಮೇಲೆ ಅನೇಕರು ನುಡಿಸಿದ್ದಾರೆ. ಅಮೆರಿಕದ ಸ್ಟೀವನ್ ಶಿಕ್ ದಶಕಗಳ ಕಾಲ ಇದನ್ನು ಕಚೇರಿಗಳಲ್ಲಿ ನುಡಿಸಿದವರು, ಇದರ ಸಮಸ್ಯೆಗಳನ್ನು ಕುರಿತು ಬರೆದವರು. ಇಂದು ಧ್ವನಿಮುದ್ರಣಗಳ ಮೂಲಕ ನಾಲ್ಕಾರು ವಾದ್ಯಗಾರರ ‘ಪ್ಸಾಫಾ’ಗಳನ್ನು ಒಂದೇ ದಿನ ಹೋಲಿಸಿ ಕೇಳುವುದು ಯಾರಿಗೂ ಕಷ್ಟವಲ್ಲ. ಹಾಗೆ ಹೋಲಿಸಿದಾಗ ಒಂದು ಸಂಗತಿ ಗೋಚರವಾಗುತ್ತದೆ. ಬಹಳ ಹೊತ್ತು ಮೊಳಗುವ, ತಮ್ಮಷ್ಟಕ್ಕೆ ತಾವೇ ಸುಂದರವಾದ ವಾದ್ಯಗಳನ್ನು ರಾಶಿ ಹಾಕಿಕೊಂಡವರಲ್ಲಿ ಒಂದು ಹೊಡೆತದ ಅನುರಣನ ಮುಂದಿನದನ್ನು ನುಂಗುತ್ತದೆ. ಕೇಳುವವನು ಸೊಬಗಿಗೆ ಮಾರುಹೋಗಿ ಎಣಿಕೆಯನ್ನು ಕಳೆದುಕೊಳ್ಳುತ್ತಾನೆ. ಒಣದನಿಯ, ಬೇಗ ಅಡಗುವ, ಒಂದರಿಂದೊಂದು ಚೆನ್ನಾಗಿ ಬೇರ್ಪಡುವ ವಾದ್ಯಗಳನ್ನು ಆಯ್ದವರಲ್ಲಿ ಮೂರು ಸಾಲುಗಳು ಮೂರಾಗಿಯೇ ಕೇಳಿಸುತ್ತವೆ. ಇಲ್ಲಿ ನಾದಗುಣದ ಕೆಲಸ ಅಲಂಕಾರವಲ್ಲ, ಪದಚ್ಛೇದ.

ಎರಡನೆಯ ಪರೀಕ್ಷೆ ಕೈಗೆ ಸಂಬಂಧಿಸಿದ್ದು. ಕೃತಿಯ ಕೆಲವೆಡೆಗಳಲ್ಲಿ ಅನೇಕ ಸಾಲುಗಳು ಒಟ್ಟಿಗೆ, ಅತಿವೇಗವಾಗಿ ಬರುತ್ತವೆ. ಎರಡು ಕೈಗಳಿಂದ ಅವನ್ನು ಬರೆದಂತೆ ನುಡಿಸುವುದು ಅಸಾಧ್ಯಕ್ಕೆ ಸಮೀಪ. ಒಂದೇ ಕೋಲು ಎರಡು ವಾದ್ಯಗಳಿಗೆ ತಗಲುವಂತೆ ಅವನ್ನು ಹತ್ತಿರ ಹತ್ತಿರ ಇಟ್ಟುಕೊಳ್ಳುವುದು, ಒಂದೊಂದು ಕೈಯಲ್ಲಿ ಎರಡು ಕೋಲು ಹಿಡಿಯುವುದು, ಕಾಲಿನಿಂದ ತುಳಿದು ನುಡಿಸುವ ಮದ್ದಳೆಯನ್ನು ಸೇರಿಸುವುದು ಮುಂತಾದ ಉಪಾಯಗಳುಂಟು. ಸಭಿಕರು ಈ ಸಾಹಸವನ್ನು ಕಂಡು ಬೆರಗಾಗುವುದು ಸಹಜ. ಆದರೆ ವಿಮರ್ಶಕನು ಬೆರಗಿಗೆ ನಿಂತುಬಿಡಲಾಗದು. ಉಪಾಯದಿಂದ ಸಾಲುಗಳು ಸ್ಪಷ್ಟವಾದವೋ, ವಾದ್ಯಗಾರನ ಶ್ರಮ ಮಾತ್ರ ಸ್ಪಷ್ಟವಾಯಿತೋ ಎಂದು ಅವನು ಕೇಳಬೇಕು.

ಮೂರನೆಯ ಪರೀಕ್ಷೆ ಮೌನದ್ದು. ಇದೇ ಎಲ್ಲಕ್ಕಿಂತ ಕಠಿಣ. ಕೃತಿಯ ನಡುಭಾಗದಲ್ಲಿ ಹೊಡೆತಗಳು ವಿರಳವಾಗಿ, ಎರಡರ ನಡುವೆ ದೀರ್ಘವಾದ ನಿಶ್ಶಬ್ದಗಳು ಬರುತ್ತವೆ. ಬರೆದ ಪ್ರತಿಯಲ್ಲಿ ಅವು ಖಾಲಿ ಮನೆಗಳು. ಆದರೆ ಎಣಿಕೆಗೆ ಸೇರಿದ ಮನೆಗಳು. ಕಚೇರಿಯಲ್ಲಿ ಹತ್ತು ಮಾತ್ರೆಗಳ ಮೌನ ಬಂದೊಡನೆ ಸಭೆಯಲ್ಲಿ ಕೆಮ್ಮು ಏಳುತ್ತದೆ; ಮುಗಿಯಿತೆಂದು ಭಾವಿಸಿದವರೂ ಇರುತ್ತಾರೆ. ವಾದ್ಯಗಾರನಿಗೆ ಆ ಮೌನವನ್ನು ಮೊಟಕುಗೊಳಿಸುವ ಆಸೆ ಹುಟ್ಟುತ್ತದೆ. ಹಾಗೆ ಮೊಟಕುಗೊಳಿಸಿದರೆ ಪದ್ಯದ ಒಂದು ಪಾದವನ್ನೇ ನುಂಗಿದಂತೆ. ಮೌನದಲ್ಲಿಯೂ ಮಾತ್ರೆ ನಡೆಯುತ್ತಿದೆಯೆಂದು ತನ್ನ ನಿಲುವಿನಿಂದ, ಎತ್ತಿದ ಕೋಲಿನ ಸ್ಥೈರ್ಯದಿಂದ ತೋರಿಸಬಲ್ಲವನೇ ಈ ಭಾಗವನ್ನು ಗೆದ್ದವನು. ಧ್ವನಿಮುದ್ರಣದಲ್ಲಿ ಈ ಸ್ಥೈರ್ಯವನ್ನು ಕಾಣುವಂತಿಲ್ಲ. ಕಚೇರಿಯ ಅಗತ್ಯ ಇಲ್ಲಿ ಸಿದ್ಧವಾಗುತ್ತದೆ.

ಕಚೇರಿಯ ಅಗತ್ಯ ಇನ್ನೂ ಸ್ಪಷ್ಟವಾಗುವುದು ‘ಪರ್ಸೆಫಾಸಾ’ ಎಂಬ ಕೃತಿಯಲ್ಲಿ. ಇರಾನಿನ ಶಿರಾಜ್ ಉತ್ಸವಕ್ಕಾಗಿ ರಚಿತವಾದ ಇದನ್ನು ೧೯೬೯ರಲ್ಲಿ ಪರ್ಸೆಪೊಲಿಸಿನ ಅವಶೇಷಗಳ ನಡುವೆ ಸ್ಟ್ರಾಸ್‌ಬರ್ಗಿನ ಲಯವಾದ್ಯ ಮೇಳದವರು ಮೊದಲು ನುಡಿಸಿದರು. ಆರು ಮಂದಿ ವಾದ್ಯಗಾರರು ಸಭಿಕರ ಸುತ್ತ ಷಟ್ಕೋನಾಕಾರವಾಗಿ ನಿಲ್ಲುತ್ತಾರೆ. ಕೊನೆಯ ಭಾಗದಲ್ಲಿ ಧ್ವನಿಯು ಒಬ್ಬನಿಂದೊಬ್ಬನಿಗೆ ದಾಟುತ್ತ, ಸಭೆಯನ್ನು ಸುತ್ತುತ್ತ, ವೇಗವನ್ನು ಏರಿಸಿಕೊಳ್ಳುತ್ತದೆ. ‘ಪ್ಸಾಫಾ’ದಲ್ಲಿ ಸಾಲುಗಳನ್ನು ಬೇರ್ಪಡಿಸಿ ತೋರಿಸುವ ಕೆಲಸ ನಾದಗುಣದ್ದಾದರೆ ಇಲ್ಲಿ ಅದು ದಿಕ್ಕಿನದು. ಸ್ಥಳವಿಲ್ಲವೆಂದು ಆರು ಮಂದಿಯನ್ನೂ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರೆ ಸುತ್ತುವ ಧ್ವನಿ ಅತ್ತಿಂದಿತ್ತ ಓಡಾಡುವ ಧ್ವನಿಯಾಗುತ್ತದೆ. ಕೃತಿ ಅರ್ಧ ಹೋಯಿತೆಂದೇ ಹೇಳಬೇಕು. ೨೦೧೦ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೆರೆಯಲ್ಲಿ ಕೇಳುಗರು ದೋಣಿಗಳಲ್ಲಿ ಕುಳಿತು ಇದನ್ನು ಕೇಳಿದರು. ಅದು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಕುರ್ಚಿಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿರುವ ಸಭಾಭವನಕ್ಕಿಂತ ಕೆರೆಯೇ ಈ ಕೃತಿಗೆ ಸಮೀಪದ್ದು.

ಇದಕ್ಕೆ ಪ್ರತಿಯಾಗಿ ಧ್ವನಿಮುದ್ರಣದ ಪರವಾದ ವಾದವೂ ಉಂಟು. ಜಪಾನಿನ ಕುನಿಕೊ ಕಾಟೊ ಅವರು ಆರು ಮಂದಿಗಾಗಿ ಬರೆದ ‘ಪ್ಲೆಯಾದ್’ ಎಂಬ ಕೃತಿಯ ಆರೂ ಪಾತ್ರಗಳನ್ನು ತಾವೊಬ್ಬರೇ ನುಡಿಸಿ, ಒಂದರ ಮೇಲೊಂದು ಕೂಡಿಸಿ ಮುದ್ರಿಸಿದ್ದಾರೆ. ಅದು ೨೦೧೫ರಲ್ಲಿ ಪ್ರಕಟವಾಯಿತು. ಅಲ್ಲಿಯ ಖಚಿತತೆ ಅಪೂರ್ವ, ಅಭ್ಯಾಸಿಗಳಿಗೆ ಅದರಿಂದ ದೊಡ್ಡ ಪ್ರಯೋಜನವಿದೆ. ಆದರೆ ಆರು ಮಂದಿ ಒಂದೇ ಲಯದಲ್ಲಿ ಹೊರಟು, ಸ್ವಲ್ಪ ಸ್ವಲ್ಪವಾಗಿ ದೂರ ಸರಿದು, ಮತ್ತೆ ಕೂಡುವಾಗ ಒಬ್ಬರನ್ನೊಬ್ಬರು ಕಿವಿಗೊಟ್ಟು ಹುಡುಕುವ ಆತಂಕವಿದೆಯಷ್ಟೆ. ಒಬ್ಬರೇ ಆರಾದಾಗ ಅದಕ್ಕೆ ಅವಕಾಶವಿಲ್ಲ. ಆ ಮುದ್ರಣವನ್ನು ಕೃತಿಯ ಶುದ್ಧಪ್ರತಿಯೆಂದು ಗೌರವಿಸಬಹುದು; ಕಚೇರಿಯ ಸ್ಥಾನವನ್ನು ಅದಕ್ಕೆ ಕೊಡಲಾಗದು.

ಇಂಥ ಕೃತಿಗಳನ್ನು ಕುರಿತು ಕನ್ನಡದಲ್ಲಿ ಬರೆಯಲು ಪರಿಭಾಷೆಯ ಕೊರತೆಯೇನೂ ಇಲ್ಲ. ಮಾತ್ರೆ, ಗಣ, ಜಾತಿ, ಗತಿ, ಯತಿ ಎಂಬ ಮಾತುಗಳು ನಮ್ಮ ಛಂದಸ್ಸಿನಲ್ಲಿಯೂ ಸಂಗೀತದಲ್ಲಿಯೂ ಶತಮಾನಗಳಿಂದ ದುಡಿದು ಹದಗೊಂಡಿವೆ. ಗುವಾಲ್ಡರಿಗಾಗಿಯೇ ೧೯೮೭-೮೯ರಲ್ಲಿ ಬರೆದ ‘ರೆಬೋಂ’ ಕೃತಿಯ ಮೊದಲ ಖಂಡದಲ್ಲಿ, ಬಿಡಿಬಿಡಿಯಾಗಿ ಆರಂಭವಾದ ಹೊಡೆತಗಳು ಬರಬರುತ್ತ ದಟ್ಟವಾಗುವುದನ್ನು ಸ್ರೋತೋವಹ ಯತಿಯೆಂದರೆ ನಮ್ಮ ಓದುಗನಿಗೆ ಕೂಡಲೆ ಅದರ ಆಕಾರ ಹೊಳೆಯುತ್ತದೆ. ಹೀಗೆ ಹೆಸರಿಡುವುದರಿಂದ ಆ ಕೃತಿ ನಮ್ಮದಾಗದು, ನಮ್ಮಿಂದ ಹುಟ್ಟಿದುದೂ ಆಗದು. ನಮ್ಮ ಕಿವಿಗೆ ತೆರೆಯುತ್ತದೆ, ಅಷ್ಟೆ. ವಿಮರ್ಶೆಗೆ ಬೇಕಾದುದೂ ಅಷ್ಟೇ.

ನಾಡಿನಿಂದ ಹೊರಗೆ ನೆಲೆಸಿದ ನಮಗೆ ಈ ಎಚ್ಚರ ಹೆಚ್ಚಾಗಿ ಬೇಕು. ದೂರವಿದ್ದಷ್ಟೂ ‘ಇದು ನಮ್ಮಲ್ಲಿತ್ತು’ ಎಂದು ಹೇಳಿಕೊಳ್ಳುವ ಚಪಲ ಬೆಳೆಯುತ್ತದೆ. ಉತ್ಸವದ ದಿನ ಉದ್ಧರಿಸಿ ಮತ್ತೆ ಪೆಟ್ಟಿಗೆಯಲ್ಲಿಡುವ ಪದ್ಯಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಇಪ್ಪತ್ತೇಳು ವರ್ಷ ತಾಯ್ನಾಡಿಗೆ ಕಾಲಿಡಲಾಗದೆ ಇದ್ದ ಕ್ಸೆನಾಕಿಸ್ ಸ್ಯಾಫೋಳ ಒಂದು ಸಾಲನ್ನೂ ಹಾಡಿಸಲಿಲ್ಲ. ಅವಳ ಹೆಸರನ್ನಿಟ್ಟು, ಅವಳ ಭಾಷೆಯ ದೀರ್ಘ ಹ್ರಸ್ವಗಳ ತತ್ತ್ವವನ್ನು ಮರ, ಚರ್ಮ, ಲೋಹಗಳಲ್ಲಿ ಹೊಸದಾಗಿ ದುಡಿಸಿದರು. ನಮ್ಮ ಸಂಘಗಳ ವೇದಿಕೆಯಲ್ಲಿ ಭಾಮಿನಿ ಷಟ್ಪದಿ ಹಾಗೆ ದುಡಿಯುತ್ತಿದೆಯೇ ಎಂಬುದು ‘ಪ್ಸಾಫಾ’ವನ್ನು ಗಮನವಿಟ್ಟು ಕೇಳಿದ ಕನ್ನಡಿಗನು ತನ್ನನ್ನು ತಾನು ಕೇಳಿಕೊಳ್ಳಲೇಬೇಕಾದ ಪ್ರಶ್ನೆ.