ಅರ್ಥವೆಲ್ಲ ಬಾಲದಲ್ಲಿ

ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕಲಿಸುವ ಕೈಪಿಡಿಗಳ ಕಪಾಟಿನ ಮುಂದೆ ನಿಂತರೆ ಫ್ರೇಸಲ್ ವರ್ಬುಗಳ ಪಟ್ಟಿಯದ್ದು ಒಂದಾದರೂ ಕೈಗೆ ಸಿಗುತ್ತದೆ. ಗಿವ್ ಅಪ್ ಎಂದರೆ ಕೈಬಿಡು, ಗಿವ್ ಇನ್ ಎಂದರೆ ಮಣಿ, ಗಿವ್ ಔಟ್ ಎಂದರೆ ಹಂಚು. ಮಗ್ಗಿಯ ಹಾಗೆ ಉರು ಹೊಡೆಯಿರಿ ಎನ್ನುವುದೇ ಅದರ ಪಾಠ. ಈ ಪುಸ್ತಕಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಗಿವ್ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಮೈಮುರಿದು ದುಡಿಯುವ ಅಪ್, ಇನ್, ಔಟ್‌ಗಳನ್ನು ಮೂಲೆಗೆ ತಳ್ಳುತ್ತವೆ.

ಈ ಕಷ್ಟ ಹೊಸದಲ್ಲ. ಪರದೇಶದವರಿಗೆ ಅತಿ ತೊಡಕಾಗುವುದು ಕ್ರಿಯಾಪದಕ್ಕೆ ಅಂಟುವ ಈ ಚೂರುಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದ. ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದದ್ದು ಮಾತ್ರ ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಬರೆದ ಪುಸ್ತಕದಿಂದ.

ಚೂರುಗಳಿಗೆ ಸ್ವಂತ ಅರ್ಥವಿದೆಯೇ? ಈ ಜಗಳ ನಮ್ಮಲ್ಲಿ ಇನ್ನೂ ಹಳೆಯದು. ಕ್ರಿಯಾಪದದಿಂದ ಬಿಡಿಸಿಟ್ಟರೆ ಉಪಸರ್ಗಕ್ಕೆ ಅರ್ಥವಿಲ್ಲ ಎಂದವನು ಪ್ರಾಚೀನ ಸಂಸ್ಕೃತ ವೈಯಾಕರಣ ಶಾಕಟಾಯನ. ಒಂದಲ್ಲ, ಬಗೆಬಗೆಯ ಅರ್ಥಗಳಿವೆ ಎಂದವನು ಗಾರ್ಗ್ಯ. ಇಬ್ಬರ ವಾದವನ್ನೂ ಯಾಸ್ಕ ತನ್ನ ನಿರುಕ್ತದಲ್ಲಿ ದಾಖಲಿಸಿದ್ದಾನೆ. ಆಹಾರ, ವಿಹಾರ, ಸಂಹಾರ, ಪರಿಹಾರಗಳನ್ನು ಒಂದೇ ಧಾತುವಿನಿಂದ ಪಡೆದ ನಮಗೆ ಇಂಗ್ಲಿಷಿನವರ ಚಾಳಿ ವಿಚಿತ್ರವೆನಿಸಬಾರದು. ನಮ್ಮ ಉಪಸರ್ಗ ಮುಂದೆ ಕೂರುತ್ತದೆ, ಅವರ ಚೂರು ಹಿಂದೆ. ನಾನಂತೂ ಗಾರ್ಗ್ಯನ ಪಕ್ಷ.

1981ರಲ್ಲಿ ಸೂಸನ್ ಲಿಂಡ್ನರ್ ಎಂಬ ಅಮೆರಿಕದ ಸಂಶೋಧಕಿ ಅಪ್ ಮತ್ತು ಔಟ್ ಎರಡನ್ನೇ ಹಿಡಿದು ಪಿಎಚ್‌ಡಿ ಮಾಡಿದರು. ಎರಡು ಪುಟ್ಟ ಪದಗಳಿಗೆ ಒಂದಿಡೀ ಪ್ರಬಂಧ! ಓದುತ್ತ ಹೋದರೆ ಅದೂ ಸಾಲದೇನೋ ಅನ್ನಿಸುತ್ತದೆ. ಔಟ್‌ನ ತಮಾಷೆ ನೋಡಿ. ನಕ್ಷತ್ರಗಳು ಔಟ್ ಆದರೆ ಕಾಣಿಸಿಕೊಳ್ಳುತ್ತವೆ. ದೀಪ ಔಟ್ ಆದರೆ ಕಾಣದಾಗುತ್ತದೆ. ಒಂದೇ ಪದ, ತದ್ವಿರುದ್ಧ ಫಲ. ಗುಟ್ಟಿರುವುದು ನೋಡುವವರು ನಿಂತ ಜಾಗದಲ್ಲಿ. ಮುಚ್ಚಿಟ್ಟ ಜಾಗದ ಹೊರಗೆ ನಾವು ನಿಂತಿದ್ದರೆ ಅಲ್ಲಿಂದ ಹೊರಬಂದದ್ದು ನಮ್ಮ ಕಣ್ಣಿಗೆ ಬೀಳುತ್ತದೆ. ಫೈಂಡ್ ಔಟ್, ಫಿಗರ್ ಔಟ್, ವರ್ಕ್ ಔಟ್ ಎಲ್ಲವೂ ಆ ಜಾತಿ. ನಾವೇ ಒಳಗಿದ್ದರೆ ಹೊರಹೋದದ್ದು ನಮ್ಮ ಪಾಲಿಗಿಲ್ಲ: ಡೈ ಔಟ್, ಫೇಡ್ ಔಟ್. ಕಾಲೇಜು ಮುಗಿಸಿದ್ದನ್ನು ನಾವು ಪಾಸ್ ಔಟ್ ಎನ್ನುತ್ತೇವೆ. ಲಂಡನ್ನಿನವನಿಗೆ ಆ ಹುಡುಗ ಮೂರ್ಛೆ ಹೋದನೆಂದು ಕೇಳಿಸುತ್ತದೆ. ಒಬ್ಬ ಹೊರಬಂದದ್ದು ಕಾಲೇಜಿನಿಂದ, ಇನ್ನೊಬ್ಬ ಎಚ್ಚರದಿಂದ. ಇನ್ನು ಬೆಂಗಳೂರಿನ ಲೇಔಟುಗಳಲ್ಲಿರುವುದು ಹರಡುವ ಔಟ್. ಮಡಚಿದ್ದನ್ನು ಬಿಡಿಸಿ ಹಾಸಿದಂತೆ ನೆಲದ ಮೇಲೆ ರಸ್ತೆ, ಸೈಟುಗಳನ್ನು ಹಾಸುವುದು.

ಆಫ್ ಕೂಡ ಹೀಗೇ ಕಾಡುತ್ತದೆ. ಕರೆಂಟು ಗೋ ಆಫ್ ಆದರೆ ನಿಂತಿತು, ಅಲಾರಂ ಗೋ ಆಫ್ ಆದರೆ ಹೊಡೆದುಕೊಳ್ಳತೊಡಗಿತು. ಇದ್ದ ಸ್ಥಿತಿಯನ್ನು ಬಿಟ್ಟು ಕದಲುವುದೇ ಇಲ್ಲಿ ಆಫ್ ಎಂದುಕೊಂಡರೆ ಎರಡೂ ಒಂದೇ ಮನೆಯವು.

ಎಲ್ಲಕ್ಕಿಂತ ರುಚಿಯಾದದ್ದು ಅಪ್. ಮೇಲೆ ಎಂಬ ಅರ್ಥವಷ್ಟೇ ಆಗಿದ್ದರೆ ಅದರಲ್ಲೇನೂ ಸ್ವಾರಸ್ಯವಿರುತ್ತಿರಲಿಲ್ಲ. ಮೇಲೇರಿದ್ದು ತುದಿ ಮುಟ್ಟುತ್ತದೆ, ಪಾತ್ರೆಯಲ್ಲಿ ನೀರು ಏರಿ ಕಂಠದವರೆಗೆ ಬಂದರೆ ತುಂಬಿದಂತೆ. ಈ ದಾರಿಯಲ್ಲಿ ಅಪ್‌ಗೆ ಪೂರ್ತಿ ಎಂಬ ಅರ್ಥ ಬಂತು: ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್. ಮನೆ ಸುಟ್ಟರೆ ಬರ್ನ್ ಡೌನ್, ನೆಲ ಕಚ್ಚುತ್ತದಲ್ಲ. ಕಾಗದವಾದರೆ ಬರ್ನ್ ಅಪ್, ಏನೂ ಉಳಿಯುವುದಿಲ್ಲ. ಆದರೆ ಎಲ್ಲ ಅಪ್ ಒಂದೇ ಅಲ್ಲ. ಗುಡ್ಡ ಹತ್ತಿ ಓಡಿದರೆ ರನ್ ಅಪ್ ದ ಹಿಲ್, ಹೋಟೆಲಿನಲ್ಲಿ ಸಾಲ ಬೆಳೆಸಿದರೆ ರನ್ ಅಪ್ ಎ ಬಿಲ್. ಮೊದಲನೆಯದರಲ್ಲಿ ಅಪ್ ಗುಡ್ಡದ ಸ್ವತ್ತು, ಜಾಗ ಬಿಟ್ಟು ಕದಲದು. ಎರಡನೆಯದರಲ್ಲಿ ಓಟದ ಸ್ವತ್ತು. ರನ್ ಎ ಬಿಲ್ ಅಪ್ ಎಂದು ಕೊನೆಗೆ ದಾಟಿಸಿದರೂ ಯಾರೂ ಹುಬ್ಬೇರಿಸುವುದಿಲ್ಲ.

ಪೂರ್ತಿಯ ಅಪ್ ಕನ್ನಡಿಗರಿಗೆ ಅಪರಿಚಿತವೇನಲ್ಲ. ತಟ್ಟೆಯಲ್ಲಿ ಉಳಿಸದೆ ತಿಂದುಬಿಡು, ಹಾಲು ಕುಡಿದುಬಿಡು ಎಂದು ಮಕ್ಕಳಿಗೆ ಹೇಳುವಾಗ 'ಬಿಡು' ಮಾಡುವ ಕೆಲಸ ಬಹುಪಾಲು ಇದೇ. ಯಾವುದನ್ನೂ ಬಿಡಬೇಡ ಎನ್ನುವುದಕ್ಕೆ ನಾವು ಬಳಸುವುದು ಬಿಡು ಎಂಬ ಪದವನ್ನೇ! ಕನ್ನಡ ಕಲಿಯುವವರಿಗೆ ಇದನ್ನು ವಿವರಿಸಲು ಹೋದವರಿಗೆ ಗೊತ್ತು, ಜಾನ್ಸನ್ ಪಟ್ಟ ಪಾಡು ಏನೆಂದು. ಹೋಗು, ಹಾಕು, ಕೊಳ್ಳು ಇವೂ ಕ್ರಿಯಾಪದದ ಬಾಲ ಹಿಡಿದು ಇಂಥದೇ ಆಟ ಆಡುತ್ತವೆ.

ಆದ್ದರಿಂದ ಅಪ್ ನಮ್ಮ ನಾಲಿಗೆಗೆ ಸಲೀಸು, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚೇ ಸಲೀಸು. ಕೋಪ್ ವಿತ್ ಎನ್ನಬೇಕಾದಲ್ಲಿ ಕೋಪ್ ಅಪ್ ವಿತ್ ಎಂಬುದು ಭಾರತದುದ್ದಕ್ಕೂ ಕೇಳುವ ಮಾತು. ಕೀಪ್ ಅಪ್ ವಿತ್, ಪುಟ್ ಅಪ್ ವಿತ್‌ಗಳ ಸಹವಾಸದಿಂದ ಹುಟ್ಟಿರಬೇಕು. ತರ್ಕ ತಪ್ಪಲ್ಲ, ಆದರೆ ಬಳಕೆ ತರ್ಕಕ್ಕೆ ತಲೆಬಾಗುವುದಿಲ್ಲ. ಗಾರ್ಗ್ಯನ ಪಕ್ಷದವನಾದರೂ ಇಷ್ಟು ಒಪ್ಪುತ್ತೇನೆ: ಚೂರಿನ ಅರ್ಥ ಬಲ್ಲವರು ಕಂಡ ಪದಗುಚ್ಛವನ್ನು ಬಿಡಿಸಬಲ್ಲರು, ಹೊಸತನ್ನು ಮನಬಂದಂತೆ ಹೊಸೆಯಲಾರರು.

ಕೊಳ್ಳುವುದಾದರೆ 1989ರಲ್ಲಿ ಮೊದಲು ಬಂದ ಕಾಲಿನ್ಸ್ ಕೋಬಿಲ್ಡ್ ಫ್ರೇಸಲ್ ವರ್ಬ್ ನಿಘಂಟನ್ನು ಹುಡುಕಿ. ಕ್ರಿಯಾಪದಗಳನ್ನು ಬಿಟ್ಟು ಹಿಂಬದಿಯ ಪುಟಗಳಿಗೆ ಹೋಗಿ. ಅಲ್ಲಿ ಚೂರುಗಳದ್ದೇ ಒಂದು ಸೂಚಿ ಇದೆ, ಒಂದೊಂದರ ಅರ್ಥವನ್ನೂ ಬಗೆಬಗೆಯಾಗಿ ವಿಂಗಡಿಸಿದೆ. ಓದುವುದನ್ನು ಅಲ್ಲಿಂದಲೇ ಶುರುಮಾಡಿ.